ಮರದ ಕುಕ್ಕೂ ಗಡಿಯಾರ ಕೈಯಾರೆ ಮಾಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಮತ್ತು ಘಟ್ಟದ ಕೆಳಗಿನ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಹವೆಯನ್ನು ಲೆಕ್ಕಕ್ಕೆ ಹಿಡಿದು ಈ ಉತ್ತರಗಳನ್ನು ಬರೆದಿದ್ದೇವೆ. ಗಂಟೆಗೂ ಅರ್ಧ ಗಂಟೆಗೂ ಪುಟ್ಟ ಬಾಗಿಲು ತೆರೆದು ಮರದ ಹಕ್ಕಿ ಹೊರಬಂದು ಕೂಗುವ ಈ ಕುಕ್ಕೂ ಗಡಿಯಾರ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯದು. ಅಲ್ಲಿಯ ಸೂಚನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ ಊರಿನ ಮಾತು ಬರುವುದಿಲ್ಲ. ಆದರೆ ಇಲ್ಲಿ ಗಡಿಯಾರ ಕೆಡುವುದು ಹೆಚ್ಚಾಗಿ ಆ ನಾಲ್ಕು ತಿಂಗಳಲ್ಲೇ.

ಪ್ರತಿಯೊಂದು ಭಾಗವನ್ನೂ ಮರದಲ್ಲೇ, ಕೈಯಲ್ಲೇ ಮಾಡಬಹುದೇ?

ಪೆಟ್ಟಿಗೆ, ಮಾಡು, ಹಕ್ಕಿ, ಬಾಗಿಲು, ಗಾಳಿ ಊದುವ ಎರಡು ತಿದಿ, ದನಿ ಕೊಡುವ ಎರಡು ಸೀಟಿ, ಕೆತ್ತನೆ, ಡಯಲ್, ಮುಳ್ಳು, ಲೋಲಕ ಎಲ್ಲವನ್ನೂ ಮಾಡಬಹುದು. ಹಲ್ಲಿನ ಚಕ್ರಗಳಿರುವ ಯಂತ್ರವನ್ನು ಮಾತ್ರ ಹಿತ್ತಾಳೆಯದ್ದು ಕೊಂಡುಕೊಳ್ಳಿ.

ಕಾರಣ ಹೇಳುತ್ತೇವೆ, ಮುಂದಿನ ಉತ್ತರಗಳಿಗೆಲ್ಲ ಅದೇ ಬುಡ. ದಿನಕ್ಕೊಮ್ಮೆ ಸರಪಳಿ ಎಳೆಯುವ ಗಡಿಯಾರದಲ್ಲಿ ಸರಪಳಿಗೆ ತೂಗುಬಿಟ್ಟ ಎರಡು ಗುಂಡುಗಳಲ್ಲಿ ಒಂದೊಂದೂ ಸುಮಾರು 275 ಗ್ರಾಂ ತೂಕದ್ದು, ದಿನಕ್ಕೆ ಒಂದೂವರೆ ಮೀಟರ್ ಇಳಿಯುತ್ತದೆ. ಒಂದು ಗುಂಡಿನಿಂದ ಸಿಗುವ ಶಕ್ತಿ ಸುಮಾರು 4 ಜೂಲ್. ಹತ್ತು ಲೀಟರ್ ನೀರು ತುಂಬಿದ ಕೊಡವನ್ನು ನಾಲ್ಕು ಸೆಂ.ಮೀ. ಎತ್ತಿದರೆ ಅಷ್ಟೇ ಶಕ್ತಿ ಖರ್ಚಾಗುತ್ತದೆ. ಒಂದು ಗುಂಡಿನ ಅಷ್ಟೇ ಶಕ್ತಿಯಲ್ಲಿ ಲೋಲಕ ಇಡೀ ದಿನ ತೂಗಬೇಕು. ಇನ್ನೊಂದು ಗುಂಡಿನ ಅಷ್ಟೇ ಶಕ್ತಿಯಲ್ಲಿ ದಿನಕ್ಕೆ 180 ಸಲ ಎರಡೂ ತಿದಿ ಏಳಬೇಕು, ಹಕ್ಕಿ ಹೊರಗೆ ಬಂದು ಹೋಗಬೇಕು. (1ರಿಂದ 12ರವರೆಗೆ ಕೂಡಿದರೆ 78, ಅರ್ಧ ಗಂಟೆಗೊಂದರಂತೆ 12, ಒಟ್ಟು 90, ಅದು ಹಗಲು ರಾತ್ರಿ ಎರಡು ಸಲ.) ಎಲ್ಲೇ ಒಂದಿಷ್ಟು ಉಜ್ಜಿದರೂ, ತಡೆದರೂ ಗಡಿಯಾರ ನಿಲ್ಲುತ್ತದೆ.

18ನೇ ಶತಮಾನದ ಬ್ಲ್ಯಾಕ್ ಫಾರೆಸ್ಟ್ ಗಡಿಯಾರಗಳಲ್ಲಿ ಚಕ್ರಗಳೂ ಮರದವೇ ಆಗಿದ್ದವು. ಅದು ನಮ್ಮಲ್ಲಿ ನಡೆಯುವುದಿಲ್ಲ. ಮರ ನಾರಿನ ಉದ್ದಕ್ಕೆ ಹಿಗ್ಗುವುದಿಲ್ಲ ಎಂದೇ ಹೇಳಬಹುದು, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ಆರು ಸೆಂ.ಮೀ. ಅಗಲದ ಮರದ ಚಕ್ರ ಆಷಾಢದಲ್ಲಿ ಅಡ್ಡಕ್ಕೆ ಅರ್ಧ ಮಿ.ಮೀ.ಗಿಂತ ಹೆಚ್ಚು ಹಿಗ್ಗಿ ಮೊಟ್ಟೆಯಾಕಾರವಾಗುತ್ತದೆ, ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುತ್ತದೆ.

ಯಾವ ಯಂತ್ರ ಕೊಳ್ಳಬೇಕು? ಅದರ ಜೊತೆ ಇನ್ನೇನು ತರಿಸಬೇಕು?

ಜರ್ಮನಿಯ ರೆಗುಲಾ ಯಂತ್ರಗಳು ಹೆಚ್ಚು ಬಳಕೆಯಲ್ಲಿವೆ. ರೆಗುಲಾ 25 ದಿನಕ್ಕೊಮ್ಮೆ ಎಳೆಯುವಂಥದ್ದು, ರೆಗುಲಾ 34 ಎಂಟು ದಿನದ್ದು. ಮೊದಲ ಗಡಿಯಾರಕ್ಕೆ ಒಂದು ದಿನದ್ದೇ ಸಾಕು. ಎಂಟು ದಿನದ್ದಕ್ಕೆ ಒಂದೊಂದು ಗುಂಡೂ ಒಂದು ಕಿಲೋ ಮೀರುತ್ತದೆ, ಪೆಟ್ಟಿಗೆಯನ್ನೂ ಗೋಡೆಯ ಮೊಳೆಯನ್ನೂ ಅದಕ್ಕೆ ತಕ್ಕಂತೆ ಗಟ್ಟಿ ಮಾಡಬೇಕಾಗುತ್ತದೆ.

ಯಂತ್ರದ ಜೊತೆಗೇ ಅದರದೇ ಸರಪಳಿ, ಕೊಕ್ಕೆ, ಉಂಗುರ, ಹಕ್ಕಿ ಕೂರುವ ತಂತಿ, ಮುಳ್ಳು ಬಿಗಿಯುವ ನಟ್ಟು, ಸುರುಳಿ ಗಂಟೆಯ ತಂತಿ ತರಿಸಿಕೊಳ್ಳಿ. ಸರಪಳಿಯನ್ನು ಮಾತ್ರ ಪೇಟೆಯಲ್ಲಿ ಅಂದಾಜಿಗೆ ಕೊಳ್ಳಬೇಡಿ. 30 ಸೆಂ.ಮೀ. ಉದ್ದದಲ್ಲಿ ಎಷ್ಟು ಕೊಂಡಿ ಇವೆ ಎಂಬುದು ಸರಪಳಿ ಚಕ್ರದ ಹಲ್ಲಿಗೆ ಸರಿಹೊಂದಬೇಕು. ಒಂದೆರಡು ಕೊಂಡಿ ಹೆಚ್ಚು ಕಡಿಮೆಯಾದರೂ ಸರಪಳಿ ಜಾರಿ ಗುಂಡು ದಡಕ್ಕನೆ ಕೆಳಗೆ ಬೀಳುತ್ತದೆ. ಗುಂಡಿನ ತೂಕವನ್ನೂ ಯಂತ್ರ ಮಾರುವವರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.

ಹಣ ಕಟ್ಟುವ ಮೊದಲು ಆಮದು ಸುಂಕ ಎಷ್ಟು ಬೀಳುತ್ತದೆ ಎಂದು ಕೇಳಿಕೊಳ್ಳಿ. ಇನ್ನೊಂದು ಮಾತು: ಯಂತ್ರ ಕೈಗೆ ಬರುವವರೆಗೂ ಮರಕ್ಕೆ ಗರಗಸ ಇಡಬೇಡಿ.

ಬ್ಯಾಟರಿ ಯಂತ್ರ ಹಾಕಿದರೆ ಆಗದೇ?

ಆಗುತ್ತದೆ. ದನಿ ಪುಟ್ಟ ಸ್ಪೀಕರಿನಿಂದ ಬರುತ್ತದೆ, ತಿದಿ ಸೀಟಿಗಳ ಕೆಲಸ ಇರುವುದಿಲ್ಲ, ಗುಂಡು ಬರೀ ಅಲಂಕಾರ. ಕೆತ್ತನೆಯಷ್ಟೇ ಕಲಿಯಬೇಕು ಎನ್ನುವವರಿಗೆ ಅದು ಸರಿಯಾದ ಆಯ್ಕೆ. ಎರಡು ತುಂಡು ಮರದಿಂದ ಉಸಿರು ಹೊರಟು ದನಿಯಾಗುವುದನ್ನು ಕೇಳಬೇಕೆಂದರೆ ಮುಂದೆ ಓದಿ.

ನಮ್ಮ ಜಿಲ್ಲೆಯ ಯಾವ ಮರ ಒಳ್ಳೆಯದು?

ಪೆಟ್ಟಿಗೆಗೆ ಹಳೆಯ ಸಾಗವಾನಿ ಅಥವಾ ಹಲಸು, ಕೆತ್ತನೆಗೆ ಶಿವನೆ, ಸೀಟಿಗೆ ನಾರು ನೇರ ಇರುವ ಸಾಗವಾನಿ.

ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಕೆತ್ತುವುದು ಲಿಂಡನ್ ಎಂಬ ಮೆದು ಮರದಲ್ಲಿ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಶಿವನೆ. ಹಗುರ, ಉಳಿಗೆ ಬೆಣ್ಣೆಯಂತೆ ಒದಗುತ್ತದೆ, ಒಣಗಿದ ಮೇಲೆ ಹೆಚ್ಚು ಬಾಗುವುದಿಲ್ಲ. ಶಿರಸಿ, ಸಾಗರ, ಸೊರಬ ಭಾಗದ ಗುಡಿಗಾರರ ಗಂಧದ ಕೆತ್ತನೆಗೆ ದೊಡ್ಡ ಹೆಸರಿದೆ. ಆದರೆ ಗಂಧ, ಬೀಟೆ ಈ ಕೆಲಸಕ್ಕೆ ಬೇಡ. ಬೆಲೆಯಷ್ಟೇ ಅಲ್ಲ, ಬೀಟೆ ತೀರ ಭಾರ, ತೆಳುವಾದ ಎಲೆ ಬಳ್ಳಿ ಕೆತ್ತುವಾಗ ಸಿಡಿಯುತ್ತದೆ.

ಮರ ಯಾವುದು ಎನ್ನುವುದಕ್ಕಿಂತ ಹೇಗೆ ಕೊಯ್ದದ್ದು ಎನ್ನುವುದು ಮುಖ್ಯ. ಬೇಸಿಗೆಯಲ್ಲಿ ಸಾಗವಾನಿ ಹಲಗೆಯ ತೇವ 10 ಪ್ರತಿಶತ ಇದ್ದರೆ ಮಳೆಗಾಲದಲ್ಲಿ 18ರವರೆಗೆ ಏರಬಹುದು. ಆಗ 200 ಮಿ.ಮೀ. ಅಗಲದ ಸಾಮಾನ್ಯ ಹಲಗೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಅದೇ ಅಗಲದ ಹಲಗೆಯನ್ನು ದಿಮ್ಮಿಯ ತಿರುಳಿನಿಂದ ತೊಗಟೆಯ ಕಡೆಗೆ ಕೊಯ್ದಿದ್ದರೆ ಹಿಗ್ಗುವುದು ಸುಮಾರು ಒಂದೂವರೆ ಮಿ.ಮೀ. ಮಾತ್ರ. ಹಲಗೆಯ ತುದಿ ನೋಡಿದರೆ ಗೊತ್ತಾಗುತ್ತದೆ: ಉಂಗುರದ ಗೆರೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿರಬೇಕು, ಮಲಗಿರಬಾರದು.

ಮರ ಎಲ್ಲಿಂದ ತರಬೇಕು?

ಬಿಚ್ಚಿದ ಹಳೇ ಮನೆಯ ತೊಲೆ, ಬಾಗಿಲುವಾಡ, ಅಟ್ಟದ ಹಲಗೆಗಿಂತ ಒಳ್ಳೆಯ ಮರ ಇಲ್ಲ. ಎಷ್ಟೋ ಮಳೆಗಾಲ ಕಂಡು ಸುಮ್ಮನಾದ ಮರ ಅದು. ಕೊಯ್ಯುವ ಮೊದಲು ಅಯಸ್ಕಾಂತ ಆಡಿಸಿ ಮುರಿದ ಮೊಳೆ ಹುಡುಕಿ. ಹೊಸ ಮರವಾದರೆ ಪರವಾನಗಿ ಇರುವ ಸಾಮಿಲ್ಲು ಅಥವಾ ಡಿಪೋದಿಂದ ಬಿಲ್ಲು ಸಮೇತ ಕೊಳ್ಳಿ, ಸಾಗಿಸಲು ಪಾಸು ಬೇಕೇ ಎಂದು ಅಲ್ಲೇ ಕೇಳಿ. ಬೆಳ್ಳಗಿನ ಹೊರಭಾಗವನ್ನು ಪೂರ್ತಿ ತೆಗೆಸಿ. ಕುಟ್ಟೆ ಹುಳ ಮೊದಲು ಹಿಡಿಯುವುದು ಅದನ್ನೇ. ಸೀಳಿಸಿದ ಹಲಗೆಯ ನಡುವೆ ಪಟ್ಟಿ ಇಟ್ಟು ಅಡಿಕೆ ಅಟ್ಟದಂತೆ ಗಾಳಿಯಾಡುವ ಕಡೆ ನೆರಳಲ್ಲಿ ಒಣಗಿಸಿ. ಕೆಲಸ ಶುರು ಮಾಡಲು ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ.

ಪೆಟ್ಟಿಗೆಯ ಅಳತೆ ಎಷ್ಟು? ಯಾವ ಕ್ರಮದಲ್ಲಿ ಮಾಡಬೇಕು?

ಒಂದು ದಿನದ ಯಂತ್ರಕ್ಕೆ ಒಳ ಅಗಲ 170 ಮಿ.ಮೀ., ಸೂರಿನವರೆಗಿನ ಒಳ ಎತ್ತರ 190, ಒಳ ಆಳ 110 ಎಂದು ಹಿಡಿದು ನಕ್ಷೆ ಬರೆಯಿರಿ. ಯಂತ್ರವನ್ನು ಅದರ ಮೇಲಿಟ್ಟು ತಿದ್ದಿಕೊಳ್ಳಿ. ಪಕ್ಕದ ಹಲಗೆ 12 ಮಿ.ಮೀ. ದಪ್ಪ, ಮುಂದಿನದು 10, ಹಿಂದಿನ ಮುಚ್ಚಳ 6 ಸಾಕು.

ಮೊದಲು ಪಕ್ಕದ ಎರಡು ಹಲಗೆ ಮತ್ತು ತಳ. ಮೂರನ್ನೂ ನಾರು ಒಂದೇ ದಿಕ್ಕಿಗೆ ಸುತ್ತಿ ಬರುವಂತೆ ಕೊಯ್ದರೆ ಮೂರೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ, ಮೂಲೆ ಬಿಡುವುದಿಲ್ಲ. ಮೂಲೆಗೆ ಕೈಬೆರಳು ಹೆಣೆದಂತೆ ಕೂರುವ ಸಂದು ಮಾಡಿ, ನೀರಿಗೆ ಬಿಡದ ಅಂಟು ಹಚ್ಚಿ. ಮುಂದಿನ ಹಲಗೆಗೆ ಮಾತ್ರ ಸುತ್ತಲೂ ಅಂಟು ಹಚ್ಚಬೇಡಿ. ಮೇಲೆ ಕೆಳಗೆ ನಟ್ಟನಡುವೆ ಒಂದೊಂದು ಸ್ಕ್ರೂ ಬಿಗಿದು, ಅಂಚುಗಳು ಪಕ್ಕದ ಹಲಗೆಯಲ್ಲಿ ಕೊರೆದ ಕಾಲುವೆಯೊಳಗೆ ಸಡಿಲವಾಗಿ ಕೂರಲಿ, ಆಚೆ ಈಚೆ ಒಂದೊಂದು ಮಿ.ಮೀ. ಜಾಗ ಇರಲಿ. ಸುತ್ತ ಅಂಟು ಹಚ್ಚಿ ಬಿಗಿದ ಮುಂಭಾಗ ಮೊದಲ ಮಳೆಗಾಲಕ್ಕೆ ಉಬ್ಬುತ್ತದೆ, ಮುಂದಿನ ಬೇಸಿಗೆಗೆ ಸೀಳುತ್ತದೆ.

ಮುಳ್ಳಿನ ಕೊಳವೆ ಹೊರಬರುವ ರಂಧ್ರ ಕೊಳವೆಗಿಂತ 2 ಮಿ.ಮೀ. ದೊಡ್ಡದಿರಲಿ. ಡಯಲ್ ಇಟ್ಟ ಮೇಲೂ ಮುಳ್ಳು ಬಿಗಿಯುವಷ್ಟು ಕೊಳವೆ ಹೊರಗೆ ಉಳಿಯಬೇಕು. ಉಳಿಯದಿದ್ದರೆ ಮುಂದಿನ ಹಲಗೆಯನ್ನು ಒಳಬದಿಯಿಂದ ಆ ಜಾಗದಲ್ಲಷ್ಟೇ ತೋಡಿ ತೆಳುವಾಗಿಸಿ. ಯಂತ್ರವನ್ನು ಕೂರಿಸಿ, ಹಕ್ಕಿಯ ತಂತಿ ಮುಂದೆ ಬರುವ ಜಾಗಕ್ಕೆ ಸೀಸದಕಡ್ಡಿಯಿಂದ ಗುರುತು ಹಾಕಿ, ಆಮೇಲೆ ಬಾಗಿಲಿನ ಕಂಡಿ ಕೊರೆಯಿರಿ. ಅಳತೆಯ ಮೇಲೆ ಮೊದಲೇ ಕೊರೆದರೆ ನಾಲ್ಕೈದು ಮಿ.ಮೀ. ತಪ್ಪೇ ತಪ್ಪುತ್ತದೆ.

ತಳದಲ್ಲಿ ಸರಪಳಿಯ ನಾಲ್ಕು ಎಳೆಗೂ ಕಂಡಿ ಬೇಕು, 10 ಮಿ.ಮೀ. ಅಗಲ. ಲೋಲಕದ ತಂತಿಗೆ ಹಿಂಬದಿಯಲ್ಲಿ 60 ಮಿ.ಮೀ. ಅಗಲದ ಸೀಳು. ಸೀಟಿಯ ಬಾಯಿ ಇರುವ ಎತ್ತರದಲ್ಲಿ ಪಕ್ಕದ ಹಲಗೆಗಳಲ್ಲಿ ಒಂದೊಂದು ರೂಪಾಯಿ ಅಗಲದ ಕಿಂಡಿ. ಅದಿಲ್ಲದಿದ್ದರೆ ದನಿ ಪೆಟ್ಟಿಗೆಯೊಳಗೇ ಉಸಿರುಗಟ್ಟುತ್ತದೆ.

ಮಾಡನ್ನು ನಮ್ಮ ಹೆಂಚಿನ ಮನೆಯಂತೆ ಮಾಡಬಹುದೇ?

ಅದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ. ಇಂದು ಎಲ್ಲರ ಕಣ್ಣಿಗೆ ಕಟ್ಟಿರುವ ಕುಕ್ಕೂ ಗಡಿಯಾರದ ಆಕಾರ ರೈಲ್ವೆ ಗೇಟಿನ ಕಾವಲುಗಾರನ ಪುಟ್ಟ ಮನೆಯದು. ಫುರ್ಟ್‌ವಾಂಗನ್ ಊರಿನ ಗಡಿಯಾರ ಶಾಲೆ 1850ರಲ್ಲಿ ಹೊಸ ವಿನ್ಯಾಸಗಳಿಗಾಗಿ ಕರೆ ಕೊಟ್ಟಾಗ ರೈಲ್ವೆ ಕಟ್ಟಡಗಳನ್ನು ರೂಪಿಸುತ್ತಿದ್ದ ಫ್ರೀಡ್ರಿಕ್ ಐಸೆನ್‌ಲೋರ್ ಅದನ್ನು ಬರೆದುಕೊಟ್ಟ. ಅವನು ತನ್ನ ಸೀಮೆಯ ಮನೆಯನ್ನು ಗಡಿಯಾರಕ್ಕೆ ತಂದಿದ್ದ; ನಾವು ನಮ್ಮ ಮನೆಯನ್ನು ತಂದರೆ ಅದೇ ದಾರಿ. ನಮ್ಮ ಮಂಗಳೂರು ಹೆಂಚಿನ ಬೇರೂ ಆ ಕಡೆಯೇ ಇದೆ. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ನಿನ ಊರಾದ ಬಾಸೆಲ್ ಇರುವುದು ಬ್ಲ್ಯಾಕ್ ಫಾರೆಸ್ಟಿನ ದಕ್ಷಿಣದ ಅಂಚಿಗೇ.

ಮಾಡಿನ ಇಳಿಜಾರು 45 ಡಿಗ್ರಿ ಇದ್ದರೆ ತಿದಿಗಳು ಮೇಲೇಳಲು ಜಾಗ ಸಿಗುತ್ತದೆ. ಹೆಂಚಿನ ಸಾಲುಗಳನ್ನು 6 ಮಿ.ಮೀ. ಶಿವನೆ ಹಲಗೆಯ ಮೇಲೆ ಅರೆಗೊಳವೆ ಉಳಿಯಿಂದ ಗೀರಿದರೆ ಸಾಕು. ಹೆಂಚು ಹೆಂಚಾಗಿ ಅಂಟಿಸಿದರೆ ಭಾರವೂ ಹೆಚ್ಚು, ಒಂದೊಂದಾಗಿ ಉದುರುವುದೂ ಹೆಚ್ಚು.

ತಿದಿ ಮಾಡುವುದು ಹೇಗೆ? ಕಾಗದವೇ ಸಾಕೇ?

ಕಮ್ಮಾರನ ಕುಲುಮೆಯಲ್ಲಿ, ಹಾರ್ಮೋನಿಯಂನಲ್ಲಿ ಇರುವ ತಿದಿಯೇ ಇಲ್ಲಿ ಬೆರಳುದ್ದಕ್ಕೆ ಇಳಿದಿದೆ. ಒಂದೊಂದು ತಿದಿಗೂ 25 ಮಿ.ಮೀ. ಅಗಲ, 55 ಮಿ.ಮೀ. ಉದ್ದ, 3 ಮಿ.ಮೀ. ದಪ್ಪದ ಎರಡು ಹಲಗೆ. ಹಿಂದಿನ ತುದಿಯಲ್ಲಿ ಬಟ್ಟೆಯ ಪಟ್ಟಿಯಿಂದ ಕೂಡಿಸಿ, ಮುಂದಿನ ತುದಿ 25 ಮಿ.ಮೀ. ಬಾಯಿ ಬಿಡಬೇಕು. ಸುತ್ತುವ ಪಟ್ಟಿಗೆ 155 ಮಿ.ಮೀ. ಉದ್ದ, 32 ಮಿ.ಮೀ. ಅಗಲ ಕತ್ತರಿಸಿ: ಎರಡು ಪಕ್ಕ ಮತ್ತು ಮುಂಭಾಗ ಸೇರಿ 135, ಹಿಂದೆ ಮಡಚಲು ಆಚೀಚೆ 10. ಅಂಟಿಸುವ ಮೊದಲೇ ಉದ್ದಕ್ಕೆ ನಡುಗೆರೆ ಹಾಕಿ ಒಳಮುಖವಾಗಿ ಮಡಚಿ, ಮುಂದಿನ ಎರಡು ಮೂಲೆಯಲ್ಲಿ ತ್ರಿಕೋನವಾಗಿ ಮಡಿಕೆ ಕೊಡಿ. ಈ ಮೂಲೆ ಮಡಿಕೆಯನ್ನು ಅವಸರದಲ್ಲಿ ಮಾಡಿದವರ ತಿದಿ ಮೊದಲು ಹರಿಯುವುದೂ ಅಲ್ಲೇ. ಬೆರಳಿಂದ ಹಲಗೆ ಎತ್ತಿ ಬಿಟ್ಟರೆ ತಾನಾಗಿ, ಎಲ್ಲೂ ಕಚ್ಚದೆ, ಪೂರ್ತಿ ಮುಚ್ಚಬೇಕು.

ಯುರೋಪಿನಲ್ಲಿ ಕಾಗದದ ತಿದಿ ವರ್ಷಗಟ್ಟಲೆ ಬಾಳುತ್ತದೆ. ನಮ್ಮಲ್ಲಿ ಕಾಗದ ಮಳೆಗಾಲದಲ್ಲಿ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ, ಮಡಿಕೆಯಲ್ಲಿ ಸೀಳುತ್ತದೆ. ಒಂದೊಂದು ತಿದಿ ವರ್ಷಕ್ಕೆ 65,700 ಸಲ ಮಡಚಿ ಬಿಚ್ಚುತ್ತದೆ ಎಂಬುದನ್ನು ನೆನಪಿಡಿ. ಆದ್ದರಿಂದ ಟೈವೆಕ್ ಹಾಳೆ ಬಳಸಿ. ನೋಡಲು ಕಾಗದದಂತಿದ್ದರೂ ನೀರು ಹೀರುವುದಿಲ್ಲ, ಹರಿಯುವುದಿಲ್ಲ. ತುಂಬ ತೆಳುವಾಗಿ ಕೆರೆದ ಆಡಿನ ಚರ್ಮವೂ ಆಗುತ್ತದೆ, ಆದರೆ ಸ್ವಲ್ಪ ದಪ್ಪವಾದರೂ ತಿದಿ ಏಳಲಾರದು. ಮೈದಾ ಗೋಂದು, ಅನ್ನದ ಗಂಜಿ ಖಂಡಿತ ಬೇಡ, ಜಿರಲೆ ತಿಂದು ಮುಗಿಸುತ್ತದೆ. ಫೆವಿಕಾಲ್ ಬಗೆಯ ಬಿಳಿ ಅಂಟನ್ನು ತೆಳುವಾಗಿ ಹಚ್ಚಿ.

ಟೈವೆಕ್ ಗಟ್ಟಿಯಾದ ಕಾರಣ ಮೇಲ್ಹಲಗೆ ತಾನಾಗಿ ಬೀಳದೆ ಇರಬಹುದು. ಆಗ ಮೀನು ಬಲೆಗೆ ಕಟ್ಟುವ ಸೀಸದ ತುಂಡು ತಂದು ಮುಂದಿನ ತುದಿಗೆ ಅಂಟಿಸಿ. 5 ಗ್ರಾಂನಿಂದ ಶುರುಮಾಡಿ, ಒಂದೊಂದೇ ಗ್ರಾಂ ಏರಿಸುತ್ತ ಹೋಗಿ. ದನಿ ತುಂಬಿ ಬಂದ ಕೂಡಲೇ ನಿಲ್ಲಿಸಿ. ಹಾಕಿದ ಪ್ರತಿ ಗ್ರಾಮನ್ನೂ ಆ 4 ಜೂಲ್ ಶಕ್ತಿಯೇ ಎತ್ತಬೇಕು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಸೀಟಿಯ ಉದ್ದ ಎಷ್ಟಿರಬೇಕು? ಎರಡು ದನಿ ಕೂಡುವುದು ಹೇಗೆ?

ತಳ ಮುಚ್ಚಿದ ಚೌಕ ಕೊಳವೆ ಮಾಡಿ, ಒಳ ಅಳತೆ 14 ಕ್ಕೆ 14 ಮಿ.ಮೀ., ಗೋಡೆ 3 ಮಿ.ಮೀ. ಒಂದು 120 ಮಿ.ಮೀ. ಉದ್ದ, ಇನ್ನೊಂದು 145. ತಳದಲ್ಲಿ ಜಾರುವ ಬಿರಡೆ ಇರಲಿ, ಅದಕ್ಕೆ ತೆಳು ಚರ್ಮ ಸುತ್ತಿ ಗಾಳಿ ಸೋರದಂತೆ ಮಾಡಿ. ಸೀಟಿಯ ತಲೆಯ ಮೇಲೆ ಕೂರುವ ತಿದಿಯ ತಳದ ರಂಧ್ರದಿಂದ ಬಂದ ಗಾಳಿ 0.6 ಮಿ.ಮೀ. ಅಗಲದ ಸೀಳಿನ ಮೂಲಕ ಹಾಳೆಯಂತೆ ಹೊರಟು, 4 ಮಿ.ಮೀ. ದೂರದ ಚೂಪು ತುಟಿಗೆ ಬಡಿಯಬೇಕು. ತುಟಿಯನ್ನು ಹೊರಬದಿಯಿಂದ ಓರೆಯಾಗಿ ಕೆತ್ತಿ, ಒಳಬದಿ ಸಪಾಟಾಗಿರಲಿ.

ಬರೀ ಸುಯ್ ಎಂದರೆ ಗಾಳಿ ತುಟಿಯ ನೇರಕ್ಕೆ ಹೋಗುತ್ತಿಲ್ಲ, ಅಥವಾ ಸೀಳು ಅಗಲವಾಗಿದೆ. ಕೀಚಲು ಬಂದರೆ ಬಾಯಿ ಚಿಕ್ಕದಾಗಿದೆ, ತುಟಿಯನ್ನು ಅರ್ಧ ಮಿ.ಮೀ. ಹಿಂದಕ್ಕೆ ಕೆತ್ತಿ. ದನಿ ತಡವಾಗಿ ಹುಟ್ಟಿದರೆ ಸೀಳಿನ ಒಳಮೈ ಒರಟಾಗಿದೆ. ನಯವಾದ ಪಾಲಿಶ್ ಕಾಗದವನ್ನು ಮಡಚಿ ಎರಡು ಸಲ ಎಳೆದರೆ ಸಾಕು.

ಬಿರಡೆಯನ್ನು ಒಳಗೆ ತಳ್ಳಿದಷ್ಟೂ ದನಿ ಏರುತ್ತದೆ. ಒಳ ಉದ್ದ 110 ಮಿ.ಮೀ. ಆದಾಗ ಸುಮಾರು 700 ಹರ್ಟ್ಸ್ ಆಸುಪಾಸಿನ ದನಿ ಬರುತ್ತದೆ. ಎರಡನೆಯದು ಅದಕ್ಕಿಂತ ಮೂರು ಅರ್ಧಸ್ವರ ಕೆಳಗಿರಬೇಕು, ಅಂದರೆ ಕಂಪನಗಳ ಅನುಪಾತ 6ಕ್ಕೆ 5. ಬಿರಡೆ 134 ಮಿ.ಮೀ. ಹತ್ತಿರ ಬಂದು ನಿಲ್ಲುತ್ತದೆ. ಸಂಗೀತ ಬಲ್ಲವರಿಗೆ ಸುಲಭದ ಗುರುತು: ಪಂಚಮದಿಂದ ಹಿಂದೂಸ್ತಾನಿಯ ಶುದ್ಧ ಗಾಂಧಾರಕ್ಕೆ ಇಳಿದಂತೆ. ಹಾರ್ಮೋನಿಯಂನಲ್ಲಿ ಪ–ಗ ಒತ್ತಿ ಕೇಳಿಕೊಂಡು ಬಿರಡೆ ಸರಿಸಿ, ಇಲ್ಲವೇ ಮೊಬೈಲಿನ ಶ್ರುತಿ ಆ್ಯಪ್ ನೋಡಿ. ನಾಲ್ಕು ಅರ್ಧಸ್ವರ ಇಳಿಸುವವರೂ ಇದ್ದಾರೆ, ಅದೂ ಕುಕ್ಕೂ ಎಂದೇ ಕೇಳುತ್ತದೆ. ಸೆಕೆ ಚಳಿಗೆ ಎರಡೂ ದನಿ ಒಟ್ಟಿಗೆ ಏರಿಳಿಯುವುದರಿಂದ ನಡುವಿನ ಅಂತರ ಕೆಡುವುದಿಲ್ಲ.

ನಮ್ಮೂರ ಕೋಗಿಲೆಯ ದನಿ ಬರಿಸಬಹುದೇ?

ಬರುವುದಿಲ್ಲ. ಕನ್ನಡದಲ್ಲಿ ಇದನ್ನು ಕೋಗಿಲೆ ಗಡಿಯಾರ ಎನ್ನುವ ರೂಢಿ ಇದ್ದರೂ ಯುರೋಪಿನ ಕುಕ್ಕೂ ಬೇರೆ, ನಮ್ಮ ಮಾವಿನ ಮರದ ಕೋಗಿಲೆ ಬೇರೆ. ಕುಕ್ಕೂ ಎರಡೇ ಸ್ವರದಲ್ಲಿ ಇಳಿಯುತ್ತದೆ. ಕೋಗಿಲೆ ಜಾರುತ್ತ ಏರುತ್ತದೆ, ಪ್ರತಿ ಕೂಗೂ ಹಿಂದಿನದಕ್ಕಿಂತ ಮೇಲೆ ಹೋಗುತ್ತದೆ. ಬಿರಡೆ ನಿಂತ ಸೀಟಿ ಜಾರುವ ದನಿ ಕೊಡಲಾರದು. ಹಕ್ಕಿಗೆ ಕೋಗಿಲೆಯ ಕಪ್ಪು ಬಣ್ಣ, ಕೆಂಪು ಕಣ್ಣು ಕೊಡಲು ಅಡ್ಡಿಯಿಲ್ಲ.

ಹಕ್ಕಿ ಮತ್ತು ಬಾಗಿಲು?

ಹಕ್ಕಿ 35ರಿಂದ 40 ಮಿ.ಮೀ. ಉದ್ದ, ಶಿವನೆಯಲ್ಲಿ, 4 ಗ್ರಾಂ ಮೀರದಂತೆ. ಬಾಗಿಲು 3 ಮಿ.ಮೀ. ದಪ್ಪ, ಕಂಡಿಗಿಂತ ಎಲ್ಲ ಬದಿಗೂ ಒಂದು ಮಿ.ಮೀ. ಚಿಕ್ಕದು, ಬೇಸಿಗೆಯಲ್ಲಿ ಬಿಗಿಯಾಗಿ ಕೂತ ಬಾಗಿಲು ಮಳೆಗಾಲದಲ್ಲಿ ತೆರೆಯುವುದಿಲ್ಲ. ಹಿಂಜಿಗೆ ಹಿತ್ತಾಳೆ ತಂತಿ ಸಾಕು. ಹಕ್ಕಿಯ ಎದೆಯಿಂದ ಬಾಗಿಲಿನ ಒಳಬದಿಯ ಕುಣಿಕೆಗೆ ಒಂದು ಮೆದು ತಂತಿ ಹೋಗುತ್ತದೆ: ಹಕ್ಕಿ ಮುಂದೆ ಬಂದಾಗ ತಳ್ಳುತ್ತದೆ, ಹಿಂದೆ ಹೋದಾಗ ಎಳೆದು ಮುಚ್ಚುತ್ತದೆ. ಕೂಗಿ ಮುಗಿದರೂ ಬಾಗಿಲು ಅರೆತೆರೆದೇ ಇದ್ದರೆ ತಂತಿ ಉದ್ದವಾಗಿದೆ. ನಡುವೆ ಸಣ್ಣ ಬಾಗು ಕೊಟ್ಟು ಕುಗ್ಗಿಸಿ. ಕುಣಿಕೆಯಲ್ಲಿ ತಂತಿ ಸಡಿಲವಾಗಿ ಆಡಬೇಕು, ಬಿಗಿದರೆ ಅಲ್ಲೇ ಗಡಿಯಾರ ನಿಲ್ಲುತ್ತದೆ. ಹಕ್ಕಿಯ ಬಾಲದ ಕೆಳಗೆ ತಿದಿಯ ಮೇಲ್ಹಲಗೆಯಿಂದ ಬಂದ ಕಡ್ಡಿ ತಾಗುವಂತಿದ್ದರೆ ಕೂಗುವಾಗ ತಲೆಬಾಗುತ್ತದೆ. ಇದನ್ನು ಕೊನೆಗೆ ಕೂಡಿಸಿ. ಮೊದಲು ದನಿ ಸರಿಯಾಗಲಿ.

ಕೆತ್ತನೆಗೆ ಏನು ಬಿಡಿಸಬೇಕು?

ದ್ರಾಕ್ಷಿ ಎಲೆಯ ಬದಲು ಕಾಳುಮೆಣಸಿನ ಬಳ್ಳಿ ಬಹಳ ಚೆನ್ನಾಗಿ ಒಗ್ಗುತ್ತದೆ: ಎಲೆ ಹೃದಯದಾಕಾರ, ತೊಟ್ಟು ಗಟ್ಟಿ, ಕರೆಗಳು (ಕಾಳಿನ ಗೊಂಚಲು) ಕೆಳಗೆ ಇಳಿಬಿಡುತ್ತವೆ. ಅಡಿಕೆ ಗೊನೆ, ಮಂಗಟ್ಟೆ ಹಕ್ಕಿಯೂ ಆಗುತ್ತದೆ. 15 ಮಿ.ಮೀ. ಹಲಗೆ ತೆಗೆದುಕೊಂಡು ಎಲೆಯ ತುದಿ ನಾರಿನ ದಿಕ್ಕಿಗೇ ಇರುವಂತೆ ಚಿತ್ರ ಬಿಡಿಸಿ. ನಾರಿಗೆ ಅಡ್ಡವಾಗಿ ಚಾಚಿದ ತುದಿ ಇವತ್ತಲ್ಲ ನಾಳೆ ಮುರಿಯುತ್ತದೆ. ಅಂಥ ಎಲೆಯನ್ನು ಬೇರೆ ತುಂಡಿನಲ್ಲಿ ಕೆತ್ತಿ ಅಂಟಿಸುವುದೇ ಮೇಲು. ಎಲೆಯ ಹಿಂಬದಿ ಅಂಚನ್ನು ತೆಳುವಾಗಿಸಿದರೆ ಮುಂದಿನಿಂದ ಹಗುರವಾಗಿ ಕಾಣುತ್ತದೆ, ನಡುಭಾಗ ದಪ್ಪವಾಗಿ ಉಳಿದಿರುವುದರಿಂದ ಬಲವೂ ಇರುತ್ತದೆ.

ಗುಂಡಿಗೆ ಪೈನ್ ಕಾಯಿಯ ಆಕಾರವೇ ಬೇಕೆಂದಿಲ್ಲ. ಎಳೆ ಹಲಸಿನಕಾಯಿಯ ಮರದ ಅಚ್ಚು ಕೆತ್ತಿ ಹಿತ್ತಾಳೆ ಎರಕ ಹೊಯ್ಯುವವರಿಗೆ ಕೊಟ್ಟರೆ ಅಂದವಾಗಿ ಬರುತ್ತದೆ. ಹಿಂದೆ ಕೊರೆದು ತೂಕ ಇಳಿಸಲು ಆಗುವಂತೆ 20 ಗ್ರಾಂ ಹೆಚ್ಚೇ ಹೊಯ್ಯಿಸಿ.

ಯಾವ ಪಾಲಿಶ್?

ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಕೆತ್ತನೆಗೆ ಚೆಂದ, ಆದರೆ ತೇವದ ದಿನ ಹಚ್ಚಿದರೆ ಬೆಳ್ಳಗೆ ಮಂಜು ಕಟ್ಟುತ್ತದೆ. ಜನವರಿ ಫೆಬ್ರವರಿಯ ಒಣ ಮಧ್ಯಾಹ್ನದಲ್ಲಿ ಹಚ್ಚಿ. ಪೆಟ್ಟಿಗೆಗೆ ಪಾಲಿಯುರೆಥೇನ್ ಮೂರು ತೆಳು ಪದರ. ಒಳಮೈಗೂ ಅಷ್ಟೇ ಪದರ ಬೇಕು. ಹೊರಗೊಂದೇ ಹಚ್ಚಿದರೆ ಒಳಗಿನಿಂದ ತೇವ ಹೀರಿ ಹಲಗೆ ಬಾಗುತ್ತದೆ. ಸೀಟಿಯ ತುಟಿ, ಸೀಳು, ತಿದಿಗೆ ಏನೂ ತಾಗಬಾರದು. ಹಳೇ ಮನೆಯ ಜಂತಿಗೆ ಬಳಿಯುವ ಗೇರುಸಿಪ್ಪೆ ಎಣ್ಣೆ ಇಲ್ಲಿ ಬೇಡ, ಕೈ ಸುಟ್ಟು ಬೊಬ್ಬೆ ಏಳುತ್ತದೆ.

ಎಲ್ಲಿ, ಹೇಗೆ ತೂಗುಹಾಕಬೇಕು?

ನೆಲದಿಂದ 1.8ರಿಂದ 2 ಮೀಟರ್ ಎತ್ತರದಲ್ಲಿ, ಮನೆಯ ಒಳಗೋಡೆಗೆ. ಮಳೆಗೆ ನೆನೆಯುವ ಚಿರೆಕಲ್ಲಿನ ಹೊರಗೋಡೆ, ಅಡುಗೆಮನೆಯ ಹೊಗೆ ತಾಗುವ ಗೋಡೆ, ಸಮುದ್ರದ ಕಡೆ ತೆರೆದ ಕಿಟಕಿಯ ಎದುರು ಬೇಡ. ಚಿರೆಕಲ್ಲು ಮೆದು; ರಂಧ್ರಕ್ಕೆ ಸಿಮೆಂಟು ತುಂಬಿ ಒಣಗಿಸಿ, ಮತ್ತೆ ಕೊರೆದು 75 ಮಿ.ಮೀ. ಸ್ಕ್ರೂ ಹಾಕಿ.

ಇನ್ನು ಕಿವಿಯ ಕೆಲಸ. ಟಿಕ್ ಟಾಕ್ ಎರಡರ ನಡುವಿನ ಬಿಡುವು ಸಮ ಇರಬೇಕು. ಟಿಕ್‌ಟಾಕ್... ಟಿಕ್‌ಟಾಕ್ ಎಂದು ಕುಂಟುತ್ತಿದ್ದರೆ ಪೆಟ್ಟಿಗೆಯ ತಳವನ್ನು ಎಡಕ್ಕೋ ಬಲಕ್ಕೋ ಕೂದಲೆಳೆಯಷ್ಟು ಸರಿಸುತ್ತ ಸಮವಾದ ಜಾಗ ಹುಡುಕಿ. ಹತ್ತು ಹದಿನೈದು ನಿಮಿಷಕ್ಕೆ ನಿಲ್ಲುವ ಹೊಸ ಗಡಿಯಾರಗಳಲ್ಲಿ ಬಹುಪಾಲಿನವಕ್ಕೆ ಇದಲ್ಲದೆ ಬೇರೆ ಕಾಯಿಲೆ ಇರುವುದಿಲ್ಲ. ಸಮ ಸಿಕ್ಕಿದ ಮೇಲೆ ಗೋಡೆಯ ಮೇಲೆ ತಳದ ಮೂಲೆಗಳ ಗುರುತು ಹಾಕಿಡಿ, ಧೂಳು ಒರೆಸುವವರು ಸರಿಸಿಯೇ ಸರಿಸುತ್ತಾರೆ.

ಗಡಿಯಾರ ಮುಂದೆ ಅಥವಾ ಹಿಂದೆ ಹೋಗುತ್ತದೆ.

ಲೋಲಕದ ಎಲೆಯನ್ನು ಮೇಲೆ ಸರಿಸಿದರೆ ವೇಗ, ಕೆಳಗೆ ಸರಿಸಿದರೆ ನಿಧಾನ. ಸುಮಾರು 14 ಸೆಂ.ಮೀ. ಲೋಲಕದಲ್ಲಿ ಒಂದು ಮಿ.ಮೀ. ಸರಿಸಿದರೆ ದಿನಕ್ಕೆ ಐದು ನಿಮಿಷದ ವ್ಯತ್ಯಾಸ ಬರುತ್ತದೆ. ಆದ್ದರಿಂದ ಒಮ್ಮೆ ಸರಿಸಿ ಪೂರ್ತಿ ಒಂದು ದಿನ ಕಾಯಿರಿ. ದಿನಕ್ಕೆ ಒಂದು ನಿಮಿಷದೊಳಗೆ ಬಂದರೆ ಚೆನ್ನಾಗಿದೆ. ಕಾರವಾರದಲ್ಲಿ ಹೊಂದಿಸಿದ್ದನ್ನು ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಒಯ್ದರೆ ಗುರುತ್ವ ಒಂದಿಷ್ಟು ಕಡಿಮೆಯಾಗಿ ದಿನಕ್ಕೆ ಕೆಲವು ಸೆಕೆಂಡು ಹಿಂದೆ ಬೀಳುತ್ತದೆ, ಹತ್ತರೊಳಗೇ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಮುಳ್ಳು ನಾಲ್ಕು ತೋರಿಸುತ್ತದೆ, ಹಕ್ಕಿ ಐದು ಕೂಗುತ್ತದೆ.

ಹಕ್ಕಿಯನ್ನು ತಿದ್ದಬೇಡಿ, ಮುಳ್ಳನ್ನು ತಿದ್ದಿ. ಗಂಟೆಯ ಮುಳ್ಳು ಒತ್ತಿ ಕೂರಿಸಿದ್ದಷ್ಟೇ. ಮೆಲ್ಲಗೆ ತಿರುಗಿಸಿ ಐದಕ್ಕೆ ತನ್ನಿ. ಆಮೇಲೆ ನಿಮಿಷದ ಮುಳ್ಳನ್ನು ಮುಂದಕ್ಕೆ ತಿರುಗಿಸುತ್ತ ಸಮಯಕ್ಕೆ ತನ್ನಿ, ಪ್ರತಿ ಅರ್ಧ ಗಂಟೆಗೂ ನಿಂತು ಕೂಗು ಮುಗಿಯಲು ಬಿಡಿ.

ಗಂಟೆಗೆ ಐದಾರು ನಿಮಿಷ ಮೊದಲು ಒಳಗೆ ಕ್ಲಿಕ್ ಎನ್ನುತ್ತದೆ. ದೋಷವೇ?

ಅಲ್ಲ. ಕೂಗಿನ ಚಕ್ರಸಾಲು ಸಿದ್ಧವಾಗಿ ನಿಲ್ಲುವ ಸದ್ದು ಅದು.

ಕುಕ್ ಎನ್ನುತ್ತದೆ, ಕೂ ಎನ್ನುವುದಿಲ್ಲ.

ದನಿ ಬಾರದ ಬದಿಯ ತಿದಿಯನ್ನು ಬೆರಳಿಂದ ಎತ್ತಿ ಬಿಡಿ. ಆಗ ದನಿ ಬಂದರೆ ತಿದಿ ಸರಿ ಇದೆ, ಎತ್ತುವ ತಂತಿ ಕುಣಿಕೆಯಿಂದ ತಪ್ಪಿದೆ ಅಥವಾ ಬಾಗಿದೆ. ಬಾರದಿದ್ದರೆ ಮಡಿಕೆಯ ಮೂಲೆಯನ್ನು ದೀಪದ ಬೆಳಕಿಗೆ ಹಿಡಿದು ತೂತು ಹುಡುಕಿ, ತೇಪೆ ಹಾಕಿ. ಎರಡೂ ಸರಿ ಇದ್ದರೆ ಸೀಟಿಯ ಬಾಯಿ ನೋಡಿ. ನಮ್ಮ ಕಡೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಪಕ್ಕದ ಕಿಂಡಿಯೆಂದರೆ ಬಲು ಇಷ್ಟ. ಎರಡು ದಿನ ಗಡಿಯಾರ ನಿಂತಿದ್ದರೆ ಸಾಕು, ಸೀಟಿಯೊಳಗೆ ಮಣ್ಣು ತುಂಬಿರುತ್ತದೆ. ಕಿಂಡಿಗೆ ಒಳಗಿನಿಂದ ಹಿತ್ತಾಳೆಯ ಸಣ್ಣ ಜಾಲರಿ ಹೊಡೆಯಿರಿ. ಹಲ್ಲಿ ಮೊಟ್ಟೆ ಇಡುವುದೂ ಅದರಿಂದ ತಪ್ಪುತ್ತದೆ.

ಮಳೆಗಾಲದಲ್ಲಿ ಮಾತ್ರ ನಿಲ್ಲುತ್ತದೆ. ಏನು ಮಾಡಬೇಕು?

ಈ ಕ್ರಮದಲ್ಲಿ ನೋಡಿ. ಮೊದಲು ಬಾಗಿಲು ಕಂಡಿಗೆ ಉಜ್ಜುತ್ತಿದೆಯೇ. ಉಜ್ಜಿದ ಅಂಚು ಹೊಳೆಯುತ್ತಿರುತ್ತದೆ, ಅಷ್ಟನ್ನೇ ಹೆರೆಯಿರಿ. ಆಮೇಲೆ ಮುಂದಿನ ಹಲಗೆ ಉಬ್ಬಿ ಡಯಲ್ಲನ್ನು ಮುಳ್ಳಿಗೆ ಒತ್ತುತ್ತಿದೆಯೇ. ಮುಳ್ಳಿಗೂ ಡಯಲ್ಲಿಗೂ ನಡುವೆ ಒಂದು ಪೋಸ್ಟ್ ಕಾರ್ಡು ಸಲೀಸಾಗಿ ಹೋಗಬೇಕು. ಆಮೇಲೆ ಲೋಲಕದ ತಂತಿ ಹಿಂದಿನ ಮುಚ್ಚಳಕ್ಕೆ ತಾಗುತ್ತಿದೆಯೇ. ಕೊನೆಗೆ ಯಂತ್ರ ಬಿಗಿದ ಸ್ಕ್ರೂ: ಹಿಗ್ಗಿದ ಮರ ಯಂತ್ರದ ತಗಡನ್ನು ಎಳೆದು ತಿರುಚಿದರೆ ಚಕ್ರದ ಅಚ್ಚು ಬಿಗಿಯಾಗುತ್ತದೆ. ಸ್ಕ್ರೂಗಳನ್ನು ಕಾಲು ಸುತ್ತು ಸಡಿಲಿಸಿ ನೋಡಿ. ಗುಂಡಿಗೆ ತೂಕ ಕಟ್ಟಿ ಓಡಿಸುವ ಉಪಾಯ ಮಾಡಬೇಡಿ. ಗಡಿಯಾರ ಓಡುತ್ತದೆ ನಿಜ, ಆದರೆ ಉಜ್ಜುವ ಜಾಗ ಉಜ್ಜುತ್ತಲೇ ಇದ್ದು ಚಕ್ರದ ಅಚ್ಚು ಸವೆಯುತ್ತದೆ.

ಎಣ್ಣೆ ಯಾವುದು, ಎಷ್ಟು?

ಗಡಿಯಾರಕ್ಕೆಂದೇ ಮಾಡಿದ ಎಣ್ಣೆ, ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು, ಅಚ್ಚಿನ ತುದಿ ಕೂರುವ ಕುಳಿಗಳಿಗೆ ಮಾತ್ರ. ಕುಳಿ ಅರ್ಧ ತುಂಬಿದರೆ ಸಾಕು, ತುಂಬಿ ಹರಿದರೆ ಕುಳಿಯಲ್ಲಿದ್ದ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಚಕ್ರದ ಹಲ್ಲು, ಸರಪಳಿಗೆ ಬೇಡ. ಕೊಬ್ಬರಿ ಎಣ್ಣೆ ಎಂದೂ ಬೇಡ: 24 ಡಿಗ್ರಿಯ ಆಸುಪಾಸಿಗೇ ಹೆಪ್ಪುಗಟ್ಟುತ್ತದೆ, ಶಿರಸಿಯ ಮಾಗಿಯ ಬೆಳಗ್ಗೆ ಯಂತ್ರ ಅಲುಗುವುದಿಲ್ಲ, ವರ್ಷ ಕಳೆದರೆ ಅಂಟಾಗುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಮೂರು ವರ್ಷಕ್ಕೊಮ್ಮೆ ಯಂತ್ರ ಬಿಚ್ಚಿ ತೊಳೆಸಿ, ಘಟ್ಟದ ಮೇಲೆ ಐದು ವರ್ಷಕ್ಕೊಮ್ಮೆ.

ಬೇರೆ ಊರಿಗೆ ಬಸ್ಸಿನಲ್ಲಿ ಕಳಿಸುವುದು ಹೇಗೆ?

ಗುಂಡು, ಲೋಲಕ ಬಿಚ್ಚಿ ಬೇರೆ ಸುತ್ತಿ. ಗಡಿಯಾರ ಇನ್ನೂ ಗೋಡೆಯ ಮೇಲಿರುವಾಗಲೇ, ಪೆಟ್ಟಿಗೆಯ ತಳಕ್ಕೆ ತಾಗಿ ಸರಪಳಿಯ ನಾಲ್ಕು ಎಳೆಯ ಕೊಂಡಿಯಲ್ಲೂ ಒಂದೇ ತಂತಿ ತೂರಿಸಿ ಕಟ್ಟಿ. ಕಟ್ಟದೆ ಮಲಗಿಸಿದರೆ ಸರಪಳಿ ಚಕ್ರದಿಂದ ಕಳಚಿಕೊಳ್ಳುತ್ತದೆ. ಕೆಳಗೆ ಉಳಿದ ಸರಪಳಿಯನ್ನು ಕಾಗದದಲ್ಲಿ ಸುತ್ತಿ. ಹಿಂದಿನ ಮುಚ್ಚಳ ತೆಗೆದು ಎರಡೂ ತಿದಿಯ ಮಡಿಕೆಯ ಮೇಲೆ ಪೇಪರ್ ಕ್ಲಿಪ್ ಸಿಕ್ಕಿಸಿ, ಸುರುಳಿ ಗಂಟೆಯ ತಂತಿಗೆ ಹತ್ತಿ ತುರುಕಿ. ಹಕ್ಕಿಯ ಬಾಗಿಲಿಗೆ ಚಿಲಕ ಹಾಕಿ. ಚಿಲಕ ಹಾಕಿದ್ದನ್ನೂ ಕ್ಲಿಪ್ ಇರುವುದನ್ನೂ ಚೀಟಿಯಲ್ಲಿ ಬರೆದು ಸರಪಳಿಗೇ ಕಟ್ಟಿ. ಅದನ್ನು ತೆಗೆಯದೆ ಗಡಿಯಾರ ನಡೆಸಿದರೆ ಮೊದಲ ಗಂಟೆಗೇ ಹಕ್ಕಿಯ ತಂತಿ ಬಾಗುತ್ತದೆ.